ಹಿಂದೆ ನಿಂತು ಕೈ ಬೀಸುವವನು

ಕೆಲ್ಟನ್, ಇಲಿನಾಯ್
೬ ಮೇ ೧೯೯೧

ಮಾವಿಸ್,

ನೀನು ಹೇಳಿಹೋದ ಊರುಗಳಲ್ಲಿ ಮೊದಲನೆಯದರ ಅಂಚೆ ಕಚೇರಿಗೆ ಇದನ್ನು ಹಾಕುತ್ತಿದ್ದೇನೆ. ಬೀದಿ ಇಲ್ಲ, ಮನೆ ನಂಬರಿಲ್ಲ, ನಿನ್ನ ಹೆಸರು ಮಾತ್ರ. ಅದರ ಕೆಳಗೆ "ಬಂದು ಕೇಳುವವರೆಗೆ ಇಟ್ಟುಕೊಳ್ಳಿ" ಎಂದು ಬರೆದಿದ್ದೇನೆ. ನಮ್ಮ ಪೋಸ್ಟ್ ಮಾಸ್ಟರ್ ಅದನ್ನು ಓದಿ, "ಏನ್ ಆರ್ಡಿತ್, ನಿಮ್ ತಮ್ಮ ಪೊಲೀಸ್ರಿಗೆ ಸಿಗದ ಹಾಗೆ ತಿರುಗಾಡ್ತಿದಾನಾ?" ಅಂದ. ಇನ್ನೂ ಏನೋ ಅಂದ, ಆದರೆ ಅದು ನನ್ನ ಎಡಗಿವಿಯ ಕಡೆ ಹೋಯಿತು. ಆ ಕಿವಿಯ ಕಥೆ ನಿನಗೆ ಗೊತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಈ ಊರಿನ ಮದುವೆ, ಸಾವು, ಕಳ್ಳಪ್ರೇಮ ಎಲ್ಲವನ್ನೂ ಅದರ ಮೂಲಕ ದಾಟಿಸಿದವಳು ನಾನು. ಈಗ ಬಲಗಿವಿಯೂ ಅದೇ ಹಾದಿ ಹಿಡಿದಿದೆ. ಆದ್ದರಿಂದ ದಾರಿಯ ಬೂತುಗಳಿಂದ ಫೋನ್ ಮಾಡಬೇಡ, ನನಗೆ ಗುಂಯ್ ಎನ್ನುವುದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಬರೆ. ಉದ್ದವಾಗಿ ಬರೆ.

ಡೆಲ್ಮರ್ ನನಗೆ ಹೇಳದೆ ಹೊರಟುಹೋದ. ನೀವು ಹೊರಡುವ ಬೆಳಿಗ್ಗೆ ನಾನು ಕಾಫಿ ಮಾಡಿಟ್ಟು ಕಿಟಕಿಯಲ್ಲಿ ನಿಂತಿದ್ದೆ. ನಿಮ್ಮ ಆ ಮನೆಗಾಡಿ ನಮ್ಮ ಬೀದಿಯ ತುದಿಯಲ್ಲಿ ನಿಧಾನ ಮಾಡಿತು, ತಿರುಗಲಿಲ್ಲ. ಮನೆ ಮಾರಿ ಚಕ್ರದ ಮೇಲಿನ ಡಬ್ಬಿಯಲ್ಲಿ ಸಂಸಾರ ಮಾಡುವವರಿಗೆ ತಲೆ ಕೆಟ್ಟಿದೆ ಎಂದು ನಾನು ಈಸ್ಟರ್ ಊಟದಲ್ಲಿ ಹೇಳಿದ್ದು ನಿಜ. ಪೈ ಬಡಿಸುವಾಗ ಹೇಳಬಾರದಿತ್ತು, ಕಾಫಿ ಆದಮೇಲೆ ಹೇಳಬಹುದಿತ್ತು. ಆದರೆ ಅಕ್ಕನಲ್ಲದೆ ಇನ್ಯಾರು ಹೇಳಬೇಕು? ಗಂಡನನ್ನು ಮಣ್ಣು ಮಾಡಿ ಬಂದಿದ್ದೇನೆ, ಮಕ್ಕಳಿಲ್ಲ. ನನಗೆ ಅಂತ ಉಳಿದವನು ತಮ್ಮ ಡೆಲ್ ಒಬ್ಬ. ಅವನು ನನ್ನ ಮೇಲೆ ಸಿಟ್ಟಿಟ್ಟುಕೊಂಡಿದ್ದಾನೆಯೇ ಎಂಬುದು ನನಗೆ ತಿಳಿಯಲೇಬೇಕು. ಅವನ ಕೈಯಲ್ಲಿ ಒಂದು ಸಾಲು ಬರೆಸು. ಬೈಗುಳವಾದರೂ ಪರವಾಗಿಲ್ಲ.

ಇನ್ನು ನನ್ನ ಪ್ರಶ್ನೆಗಳು. ಗಾಡಿ ನಿಲ್ಲಿಸಿ ಇಳಿದುಕೊಳ್ಳುವ ಆ ಪಾರ್ಕುಗಳಲ್ಲಿ ಎಂಥ ಜನ ಇರುತ್ತಾರೆ? ಎಲ್ಲ ನಮ್ಮ ವಯಸ್ಸಿನವರೇ? ಪಕ್ಕದ ಗಾಡಿಯವರು ಏನು ಬೇಯಿಸುತ್ತಾರೆ ಎಂದು ಮೂಗಿಗೆ ಬರುತ್ತದೆಯೇ? ಸ್ನಾನದ ಮನೆಗೆ ಚಿಲಕ ಇದೆಯೇ?

ಆರ್ಡಿತ್


ಔಲ್ ಫೋರ್ಕ್ ಸ್ಟೇಟ್ ಪಾರ್ಕ್, ಮಿಸೌರಿ
೨೧ ಮೇ

ಪ್ರೀತಿಯ ಆರ್ಡಿತ್,

ಚಿಲಕ ಇದೆ. ಆದರೆ ಅದು ಒಳಗಿನಿಂದ ಹಾಕಿದರೆ ಹೊರಗಿನವರು ತಳ್ಳಿದಾಗ ತೆರೆದುಕೊಳ್ಳುವ ಜಾತಿಯದು. ಆದ್ದರಿಂದ ಇಲ್ಲಿ ಎಲ್ಲರೂ ಹಾಡುತ್ತಾ ಸ್ನಾನ ಮಾಡುತ್ತಾರೆ.

ಹೆದ್ದಾರಿಗೆ ನಾವು ಹತ್ತುವುದೇ ಇಲ್ಲ. ಒಂದು ಪೆಟ್ರೋಲ್ ಪಂಪು, ಒಂದು ಚರ್ಚು, ಒಂದು ನೀರಿನ ಟ್ಯಾಂಕು ಇರುವ ಊರುಗಳ ಮೂಲಕವೇ ಬರುತ್ತೇವೆ. ಸ್ಟೀರಿಂಗ್ ಈಗ ನನ್ನ ಕೈಯಲ್ಲಿ. ನಲವತ್ತು ವರ್ಷ ಅವನು ಓಡಿಸಿದ, ಇನ್ನು ನನ್ನ ಸರದಿ ಎಂದುಕೊಂಡೆ. ಡೆಲ್ಮರ್ ಪಕ್ಕದ ಸೀಟಿನಲ್ಲಿ ಮಹಾರಾಜನ ಹಾಗೆ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತಾನೆ. ಅವನಿಗೆ ಸಿಟ್ಟೇನೂ ಇಲ್ಲ, ನಿನ್ನನ್ನು ವಿಚಾರಿಸಿದೆ ಅಂತ ಬರೆ ಅಂದ. ಈಗ ಮೀನಿನ ಗಾಳದ ದಾರ ಗಂಟಾಗಿ ಎರಡೂ ಕೈ ಅದರಲ್ಲಿ ಸಿಕ್ಕಿಕೊಂಡಿವೆ, ಇಲ್ಲದಿದ್ದರೆ ಅವನೇ ಬರೆಯುತ್ತಿದ್ದ.

ಇಲ್ಲಿಯ ದೊಡ್ಡ ಮನರಂಜನೆ ಏನು ಗೊತ್ತೇ? ಸಂಜೆ ನಾಲ್ಕಾದರೆ ಎಲ್ಲರೂ ಕುರ್ಚಿ ಹೊರಗೆ ಹಾಕಿಕೊಂಡು, ಹೊಸದಾಗಿ ಬಂದವರು ಗಾಡಿಯನ್ನು ಹಿಂದಕ್ಕೆ ತೆಗೆಯುವುದನ್ನು ನೋಡುತ್ತಾರೆ. ಒಳ್ಳೆಯ ಜಾಗಗಳೆಲ್ಲ ಕೆರೆಯ ಕಡೆಗೆ. ಅಲ್ಲಿಗೆ ಬೆನ್ನು ಮುಂದೆ ಮಾಡಿಯೇ ಹೋಗಬೇಕು. ಗಂಡ ಓಡಿಸುತ್ತಾನೆ, ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಾಳೆ. ಎಷ್ಟೋ ಮದುವೆಗಳು ಅಲ್ಲಿಯೇ ಅಲ್ಲಾಡುತ್ತವೆ. ನಿನ್ನೆ ಒಹಾಯೋದ ಒಂದು ಜೋಡಿ ಬಂತು.

"ಎಡಕ್ಕೆ! ಎಡಕ್ಕೆ!" ಅಂತ ಅವಳು.

"ಯಾರ್ ಎಡಕ್ಕೆ? ನಿಂದಾ, ನಂದಾ?"

"ಮರದ ಎಡಕ್ಕೆ ಕಣೋ! ಅಯ್ಯೋ ನಿಲ್ಸು, ಕಿವಿಯೊಳಗೆ ಏನ್ ಹತ್ತಿ ಇಟ್ಕೊಂಡಿದೀಯಾ?"

ಕೊನೆಗೆ ಆಕೆ ಟೊಪ್ಪಿ ನೆಲಕ್ಕೆಸೆದು, "ನೀನೂ ಬೇಡ, ನಿನ್ ಗಾಡೀನೂ ಬೇಡ, ನಾನು ನಡ್ಕೊಂಡ್ ಹೋಗ್ತೀನಿ" ಅಂತ ಹೊರಟೇಬಿಟ್ಟಳು. ಹೋಗಲು ಎಲ್ಲಿದೆ, ಸುತ್ತ ಕಾಡು. ಸ್ನಾನದ ಮನೆಯವರೆಗೆ ಹೋಗಿ ಕೂತಿದ್ದು ವಾಪಸು ಬಂದಳು. ಆಮೇಲೆ ಇಬ್ಬರೂ ಸೇರಿ ಮಾಂಸ ಸುಟ್ಟರು, ನಮಗೂ ಒಂದು ತಟ್ಟೆ ಕೊಟ್ಟರು.

ನಮಗೆ ಆ ಗೋಳು ಇಲ್ಲ. ನಾವು ಇಳಿದುಕೊಳ್ಳುವುದು ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೊರಡುವ ನೇರ ಜಾಗಗಳಲ್ಲಿ. ರಸ್ತೆಯ ಪಕ್ಕ, ಸ್ವಲ್ಪ ಧೂಳು, ಆದರೆ ನೆಮ್ಮದಿ.

ಮಾವಿಸ್


ಕೆಲ್ಟನ್
೩ ಜೂನ್

ಮಾವಿಸ್,

ಟೊಪ್ಪಿ ಎಸೆದವಳ ಕಥೆ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಕೆಯ ಹೆಸರೇನು ಎಂದು ಯಾಕೆ ಕೇಳಲಿಲ್ಲ? ಎಷ್ಟನೇ ಗಂಡ? ಇಂಥವನ್ನು ಅರ್ಧಕ್ಕೆ ಬಿಡಬೇಡ.

ಆದರೆ ಒಂದು ವಿಷಯ ನನ್ನ ತಲೆ ತಿನ್ನುತ್ತಿದೆ. ಧೂಳಿನ ರಸ್ತೆಯ ಪಕ್ಕದಲ್ಲಿ ಯಾಕೆ ಇಳಿದಿದ್ದೀರಿ? ನನ್ನ ತಮ್ಮ ರೈಲ್ವೆ ಯಾರ್ಡಿನಲ್ಲಿ ಬ್ರೇಕ್‌ಮನ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಗೂಡ್ಸ್ ವ್ಯಾಗನ್ನುಗಳ ಇಡೀ ಸಾಲನ್ನು ಹಿಂದಕ್ಕೆ ತೆಗೆಸಿ, ಎಲ್ಲಿ ಬೇಕೋ ಅಲ್ಲಿ, ಮೊಟ್ಟೆ ಇಟ್ಟಹಾಗೆ ನಿಲ್ಲಿಸುತ್ತಿದ್ದವನು. ಕೆರೆಯ ಪಕ್ಕದ ಜಾಗ ಖಾಲಿ ಇದ್ದು ಅವನು ಅದನ್ನು ಬಿಟ್ಟು ರಸ್ತೆಯ ಧೂಳಿನಲ್ಲಿ ಇರುತ್ತಾನೆಂದರೆ ನಾನು ನಂಬಬೇಕೇ? ಬೆನ್ನು ನೋವೇ? ಇಲ್ಲ, ನೀನು ಸ್ಟೀರಿಂಗ್ ಕಿತ್ತುಕೊಂಡೆ ಎಂದು ಮೂತಿ ಊದಿಸಿಕೊಂಡಿದ್ದಾನೆಯೇ?

ಗಾಳದ ದಾರದ ಕಥೆಯನ್ನೂ ನಾನು ನಂಬಲಿಲ್ಲ. ಡೆಲ್‌ಗೆ ಮೀನು ಹಿಡಿಯುವುದೆಂದರೆ ಚಿಕ್ಕಂದಿನಿಂದ ಆಗದು. ಹುಳ ಚುಚ್ಚುವುದಕ್ಕೆ ಅಳುತ್ತಿದ್ದ, ನಾನೇ ಚುಚ್ಚಿಕೊಡುತ್ತಿದ್ದೆ. ಎಕ್ಸ್‌ಚೇಂಜಿನಲ್ಲಿ ಕೂತವಳಿಗೆ ಸುಳ್ಳು ಹೇಳುವಾಗ ಇನ್ನೂ ಸ್ವಲ್ಪ ತಯಾರಿ ಬೇಕಮ್ಮ.

ಒಂದು ಸಾಲು ಕೇಳಿದ್ದೆ. ಮತ್ತೆ ಕೇಳುತ್ತಿದ್ದೇನೆ.

ಆರ್ಡಿತ್


ಸೈಪ್ರೆಸ್ ಲೇಕ್ ಸ್ಟೇಟ್ ಪಾರ್ಕ್, ಆರ್ಕನ್ಸಾ
೨೨ ಜೂನ್

ಪ್ರೀತಿಯ ಆರ್ಡಿತ್,

ತಡವಾಯಿತು, ಕ್ಷಮಿಸು. ಇಲ್ಲಿ ಸೆಕೆ. ಪಕ್ಕದ ಗಾಡಿಯ ಮುದುಕ ಇಡೀ ದಿನ ಒಂದು ಗಿಳಿಯ ಜೊತೆ ರಾಜಕೀಯ ಮಾತಾಡುತ್ತಾನೆ, ಗಿಳಿ ಅವನ ವಿರೋಧ ಪಕ್ಷ. "ಸುಳ್ಳ! ಸುಳ್ಳ!" ಅಂತ ಅದು ಕೂಗಿದಾಗಲೆಲ್ಲ ನನಗೆ ನಿನ್ನ ನೆನಪಾಗುತ್ತದೆ. ಆತನ ಹೆಂಡತಿ ಪೀಚ್ ಹಣ್ಣು ಮತ್ತು ಹಿಟ್ಟು ಹಾಕಿ ಕಬ್ಬಿಣದ ಪಾತ್ರೆಯನ್ನು ಕೆಂಡದಲ್ಲಿ ಹೂತು ಬೇಯಿಸುತ್ತಾಳೆ. ಮುಚ್ಚಳದ ಮೇಲೂ ಕೆಂಡ. ನಾನು ಪಕ್ಕದಲ್ಲಿ ಕೂತು ಕಲಿಯುತ್ತಿದ್ದೇನೆ.

ನಮ್ಮ ಗಾಡಿಯ ಹಿಂದಿನ ಮೂಲೆ ಸ್ವಲ್ಪ ಒಳಕ್ಕೆ ಹೋಗಿದೆ, ಏಣಿ ಬಾಗಿದೆ. ಒಂದು ಓಕ್ ಮರ ಅಡ್ಡ ಬಂತು. ನೇರ ಜಾಗಗಳೆಲ್ಲ ತುಂಬಿದ್ದವು, ನಾನು ಧೈರ್ಯ ಮಾಡಿ ಹಿಂದಕ್ಕೆ ತೆಗೆದೆ. ಯಾರಿಗೂ ಏನೂ ಆಗಲಿಲ್ಲ. ಕುರ್ಚಿ ಹಾಕಿಕೊಂಡಿದ್ದವರಿಗೆ ಒಳ್ಳೆಯ ಸಂಜೆ ಸಿಕ್ಕಿತು. ಡೆಲ್ಮರ್ ಆಗ ಬೇರೆ ಕಡೆ ನೋಡುತ್ತಿದ್ದ.

ಅವನು ಚೆನ್ನಾಗಿದ್ದಾನೆ. ಈಗ ಮಲಗಿದ್ದಾನೆ. ಅವನಿಗೆ ಮೀನು ಹಿಡಿಯುವುದು ಈಗ ಇಷ್ಟ, ಮನುಷ್ಯರು ಬದಲಾಗುತ್ತಾರೆ.

ಮಾವಿಸ್


ಕೆಲ್ಟನ್
೬ ಜುಲೈ

ಮಾವಿಸ್,

ಡೆಲ್ಮರ್ ನಿನ್ನ ಜೊತೆ ಇಲ್ಲ.

ಈಗ ಎಲ್ಲ ಹೊಂದುತ್ತದೆ. ಹಿಂದೆ ನಿಲ್ಲಲು ಯಾರೂ ಇಲ್ಲದವರು ನೇರ ಜಾಗ ಹುಡುಕುತ್ತಾರೆ. ಒಬ್ಬಳೇ ಹಿಂದಕ್ಕೆ ತೆಗೆದವಳು ಮರಕ್ಕೆ ಗುದ್ದುತ್ತಾಳೆ. ನನ್ನ ತಮ್ಮ ಹಿಂದೆ ನಿಂತಿದ್ದರೆ ಆ ಗಾಡಿಗೆ ಒಂದು ಎಲೆಯೂ ತಾಗುತ್ತಿರಲಿಲ್ಲ. "ಬೇರೆ ಕಡೆ ನೋಡುತ್ತಿದ್ದ" ಅಂತೆ! ವ್ಯಾಗನ್ನು ಅಲ್ಲಾಡುವಾಗ ಬೇರೆ ಕಡೆ ನೋಡಿದ ಬ್ರೇಕ್‌ಮನ್‌ಗೆ ಎರಡು ಕಾಲು ಇರುವುದಿಲ್ಲ.

ಜಗಳವಾಡಿದಿರೇ? ಎಲ್ಲಿ ಇಳಿಸಿದೆ ಅವನನ್ನು? ಬೇರೆ ಯಾವಳಾದರೂ ಇದ್ದಾಳೆಯೇ? ಇದ್ದರೆ ಹೇಳಿಬಿಡು, ನಾನು ಅವನಿಗೇ ಬೈಯುತ್ತೇನೆ, ನಿನಗಲ್ಲ. ಇದಕ್ಕೆ ಉತ್ತರದಲ್ಲಿ ಅವನ ಕೈಬರಹ ಕಾಣದಿದ್ದರೆ ನಾನು ಶೆರಿಫ್ ಕಚೇರಿಗೆ ಹೋಗಿ ಕೂರುತ್ತೇನೆ. ಕಿವಿ ಕೇಳದ ಮುದುಕಿಯನ್ನು ಎಬ್ಬಿಸಿ ಕಳಿಸುವುದು ಸುಲಭವಲ್ಲ.

ಆರ್ಡಿತ್


ಬೇಯರ್ಡ್ಸ್ ಮಿಲ್ ಸ್ಟೇಟ್ ಪಾರ್ಕ್, ಟೆನೆಸಿ
೨೧ ಜುಲೈ

ಆರ್ಡಿತ್,

ಅವನು ಇಲ್ಲೇ ಇದ್ದಾನೆ. ನನ್ನ ಎದುರಿಗೆ ಬೆಂಚಿನ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಾನೆ. ಮುರಿದದ್ದನ್ನು ಕಸದ ಬುಟ್ಟಿಗೆ, ನಾರನ್ನು ಪಾತ್ರೆಗೆ ಹಾಕುತ್ತಿದ್ದಾನೆ. ಆಮೇಲೆ ನಾನು ಬೇರೆ ಮಾಡುತ್ತೇನೆ.

ಅವನ ನೆನಪು ಹೋಗುತ್ತಿದೆ. ಚಳಿಗಾಲದಲ್ಲೇ ಡಾಕ್ಟರು ಹೇಳಿದರು. ಆ ದಿನ ಕಾರಿನಲ್ಲಿ ಕೂತು ನನ್ನ ಕೈ ಹಿಡಿದು ಡೆಲ್ಮರ್, "ಆರ್ಡಿತ್‌ಗೆ ಹೇಳ್ಬೇಡ ಮಾವಿಸ್. ಅಪ್ಪನ್ನ ಸೇರಿಸಿದ ಕಡೆಗೇ ನನ್ನನ್ನೂ ಸೇರಿಸಿಬಿಡ್ತಾಳೆ. ಇಷ್ಟು ವರ್ಷ ರೈಲಿನಿಂದ ಬರೀ ಊರುಗಳ ಹಿತ್ತಿಲು ನೋಡಿದೀನಿ. ಒಂದ್ಸಲ ಮುಂಬಾಗಿಲು ನೋಡ್ಬೇಕು" ಅಂದ. ಅದಕ್ಕೇ ಮನೆ ಮಾರಿದೆವು, ಅದಕ್ಕೇ ಸಣ್ಣ ರಸ್ತೆಗಳು. ಹೊರಟ ದಿನ ಅವನು ನನ್ನನ್ನು ನಿಮ್ಮ ಅಮ್ಮನ ಹೆಸರು ಹಿಡಿದು ಕರೆಯುತ್ತಿದ್ದ. ಆ ಸ್ಥಿತಿಯಲ್ಲಿ ನಿನ್ನ ಮುಂದೆ ತಂದು ನಿಲ್ಲಿಸಲು ನನಗೆ ಧೈರ್ಯ ಬರಲಿಲ್ಲ. ಬೀದಿಯ ತುದಿಯಲ್ಲಿ ಬ್ರೇಕ್ ಒತ್ತಿದವಳು ನಾನೇ. ಅವನಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನಿನಗೆ ಹೆದರಿದವಳು ನಾನು. ನೀನು ಒಂದು ವಾರದಲ್ಲಿ ಮೂರು ಡಾಕ್ಟರು, ಒಂದು ಹಾಸಿಗೆ ಎಲ್ಲ ಗೊತ್ತು ಮಾಡಿಬಿಡುತ್ತೀಯ. ಮಾಡಿದ್ದು ಸರಿಯಾಗಿಯೂ ಇರುತ್ತದೆ. ಆದರೆ ನನಗೆ ಅವನು ಈ ಪಕ್ಕದ ಸೀಟಿನಲ್ಲಿ ಬೇಕು, ಆಗುವಷ್ಟು ದಿನ.

ಓಕ್ ಮರದ ಕಥೆಯನ್ನೂ ಹೇಳಿಬಿಡುತ್ತೇನೆ. ಅವನು ಬೇರೆ ಕಡೆ ನೋಡುತ್ತಿರಲಿಲ್ಲ. ಅವತ್ತು ಕೆರೆಯ ಪಕ್ಕದ ಜಾಗ ಮಾತ್ರ ಉಳಿದಿತ್ತು. "ಡೆಲ್ಮರ್, ಹಿಂದೆ ನಿಂತು ದಾರಿ ತೋರಿಸ್ತೀಯಾ?" ಅಂದೆ. ಎಷ್ಟು ಖುಷಿಯಾಯಿತೆಂದರೆ ಹುಡುಕಿ ಹುಡುಕಿ ಹಳೆಯ ರೈಲ್ವೆ ಟೊಪ್ಪಿ ಹಾಕಿಕೊಂಡ. ನಮ್ಮ ಸಂಸಾರದಲ್ಲಿ ಯಾವಾಗಲೂ ಅವನು ಓಡಿಸಿದ್ದು, ನಾನು ಹಿಂದೆ ನಿಂತು ಕೂಗಿದ್ದು. ಅವನು ನಿಂತದ್ದು ಅದೇ ಮೊದಲು. ನಾನು ಕನ್ನಡಿಯಲ್ಲಿ ನೋಡುತ್ತಾ ಬಂದೆ. ಅವನು ತೋಳನ್ನು ಕೆಳಗೆ ಇಳಿಬಿಟ್ಟು ಅತ್ತಿಂದಿತ್ತ, ಅತ್ತಿಂದಿತ್ತ ಬೀಸಿದ, ಕೋಳಿ ಓಡಿಸುವ ಹಾಗೆ. ಆ ಕಡೆ ಹೋಗು ಅನ್ನುತ್ತಿದ್ದಾನೆ ಎಂದುಕೊಂಡು ತಿರುಗಿಸಿದೆ. ಇನ್ನೂ ಜೋರಾಗಿ ಬೀಸಿದ. ಇನ್ನೂ ಬಂದೆ. ಕೊನೆಗೆ ಎರಡೂ ಕೈ ಬೀಸುತ್ತಿದ್ದ, ಅಷ್ಟರಲ್ಲಿ ಧಡ್ ಅಂತ ಸದ್ದು. ಅವನು ಕಿಟಕಿಗೆ ಬಂದು, "ಹೇಳಿದ್ನಲ್ಲೇ! ಅಷ್ಟು ಸಲ ಹೇಳಿದ್ನಲ್ಲೇ! ನಿಂಗೆ ಕಣ್ಣು ಕಾಣ್ಸಲ್ವಾ?" ಅಂತ ಕೂಗಾಡಿದ. ಆಮೇಲೆ ಅತ್ತ, ಎಲ್ಲರ ಮುಂದೆ.

ಅವತ್ತು ನನಗೆ ಖಾತ್ರಿಯಾಯಿತು. ಎಡ ಯಾವುದು, ಬಲ ಯಾವುದು, ಬಾ ಅಂದರೇನು, ಹೋಗು ಅಂದರೇನು ಎಲ್ಲ ಹೋಗಿದೆ. ಆಮೇಲಿಂದ ಅವನನ್ನು ಗಾಡಿಯ ಹಿಂದೆ ನಿಲ್ಲಿಸಿಲ್ಲ. ಯಾವ ಕೆಲಸವನ್ನೂ ಕೊಡುವುದಿಲ್ಲ, ಈ ಬೀನ್ಸ್ ಒಂದನ್ನು ಬಿಟ್ಟು. ಅವನೂ ಮಾತು ಕಡಿಮೆ ಮಾಡಿದ್ದಾನೆ.

ಮುಂದೆ ಡಾಬ್ಸನ್, ಟೆನೆಸಿ. ಅದಾದಮೇಲೆ ಲೋನ್ ಎಲ್ಮ್, ಕೆಂಟಕಿ. ಬೈಯುವುದಿದ್ದರೆ ಅಲ್ಲಿಗೆ ಬರೆ.

ಮಾವಿಸ್


ಕೆಲ್ಟನ್
೩೦ ಜುಲೈ

ಮಾವಿಸ್,

ಡಾಬ್ಸನ್‌ಗೆ ಹಾಕುತ್ತಿದ್ದೇನೆ. ನಿನ್ನ ಪತ್ರ ಓದಿ ಎರಡು ದಿನ ಯಾರಿಗೂ ಬಾಗಿಲು ತೆರೆಯಲಿಲ್ಲ.

ನನಗೆ ಹೆದರಿದೆ ಎಂದು ಬರೆದೆ. ಸರಿ. ಅಪ್ಪ ಜನವರಿಯಲ್ಲಿ ಅಂಗಿಯಿಲ್ಲದೆ ಹಳಿಯ ಮೇಲೆ ನಡೆದುಹೋದಾಗ ಹುಡುಕಿ ತಂದವಳು ನಾನು, ಕೌಂಟಿ ವೃದ್ಧಾಶ್ರಮಕ್ಕೆ ಸೇರಿಸಿದವಳೂ ನಾನು. ಅದರಲ್ಲಿ ನನಗೆ ಯಾವ ನಾಚಿಕೆಯೂ ಇಲ್ಲ. ಇವತ್ತು ಹಾಗೇ ಆದರೂ ಹಾಗೇ ಮಾಡುತ್ತೇನೆ. ನೀನು ಒಬ್ಬಳು, ಅರವತ್ತಾರು ವಯಸ್ಸು, ಕಾಡಿನಲ್ಲಿ. ಅವನು ಸ್ನಾನದ ಮನೆಗೆ ಹೋಗಿ ಇನ್ನೊಂದು ಬಾಗಿಲಿನಿಂದ ಹೊರಟುಹೋದರೆ ಯಾರನ್ನು ಕರೆಯುತ್ತೀಯ? ಗಿಳಿಯನ್ನೇ?

ವೃದ್ಧಾಶ್ರಮದಲ್ಲಿ ವಿಚಾರಿಸಿದ್ದೇನೆ. ಒಂದು ಹಾಸಿಗೆ ಖಾಲಿಯಾಗುತ್ತದೆ. ಕಿಟಕಿಯಿಂದ ಯಾರ್ಡು ಕಾಣುತ್ತದೆ. ಸೆಪ್ಟೆಂಬರ್ ಕೊನೆಯವರೆಗೆ ನನ್ನ ಮಾತಿಗೆ ಹಿಡಿದಿಡುತ್ತಾರೆ. ಅವನನ್ನು ಕರೆದುಕೊಂಡು ಬಾ.

ಆರ್ಡಿತ್


ಕೆಲ್ಟನ್
೯ ಆಗಸ್ಟ್

ಮಾವಿಸ್!

ಇದನ್ನು ಲೋನ್ ಎಲ್ಮ್‌ಗೆ ಹಾಕುತ್ತಿದ್ದೇನೆ. ಹಿಂದಿನ ಪತ್ರಕ್ಕೆ ನೀನು ಉತ್ತರ ಕೊಟ್ಟಿಲ್ಲ. ಕೋಪವಿದ್ದರೆ ಆಮೇಲೆ ಮಾಡಿಕೊಳ್ಳೋಣ. ಮೊದಲು ಇದನ್ನು ಓದು, ನಿಂತುಕೊಂಡು ಓದು.

ಓಕ್ ಮರದ ಭಾಗವನ್ನು ಇವತ್ತು ಮತ್ತೆ ಓದುತ್ತಿದ್ದೆ. ಕೋಳಿ ಓಡಿಸುವ ಹಾಗೆ ಎಂದು ಬರೆದಿದ್ದೀಯಲ್ಲ, ಅದು ನನ್ನನ್ನು ಸುಮ್ಮನೆ ಬಿಡಲಿಲ್ಲ. ಡೆಲ್ ಹುಟ್ಟಿದಮೇಲೆ ಒಂದು ಕೋಳಿಯನ್ನೂ ಓಡಿಸಿದವನಲ್ಲ. ಪಾತ್ರೆ ಒರೆಸುವ ಬಟ್ಟೆ ಹಿಡಿದು ಅಡುಗೆಮನೆಯ ನಡುವೆ ನಿಂತು, ನೀನು ಬರೆದ ಹಾಗೆಯೇ ತೋಳು ಇಳಿಬಿಟ್ಟು ಬೀಸಿ ನೋಡಿದೆ. ಎರಡನೇ ಬೀಸಿಗೇ, ಅದೇ ಯಾರ್ಡಿನಲ್ಲಿ ದುಡಿದ ಅಪ್ಪ ಕಣ್ಣ ಮುಂದೆ ಬಂದ.

ಅದು "ನಿಲ್ಲು"! ಕೈ ಕೆಳಗೆ, ಹಳಿಗೆ ಅಡ್ಡವಾಗಿ, ಅತ್ತಿಂದಿತ್ತ. ಯಾರ್ಡಿನಲ್ಲಿ ಹುಟ್ಟಿದ ನಾಯಿಗೂ ಗೊತ್ತು. ಅವನು ನಿಲ್ಲು ಅಂದ, ನೀನು ಬಂದೆ. ಜೋರಾಗಿ ನಿಲ್ಲು ಅಂದ, ನೀನು ಇನ್ನೂ ಬಂದೆ. ಎರಡೂ ಕೈಯಲ್ಲಿ ನಿಲ್ಲು ಅಂದ, ನೀನು ಮರ ಹತ್ತಿದೆ. ಆಮೇಲೆ ಅವನಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನ ಮಾಡಿದೆ!

ನೀನು ಕೈಗವಸಿನ ಕಾರ್ಖಾನೆಯವಳು, ಯಾರ್ಡಿಗೆ ಕಾಲಿಟ್ಟವಳಲ್ಲ, ಡೆಲ್ ಕೆಲಸವನ್ನು ಮನೆಗೆ ತಂದವನೂ ಅಲ್ಲ. ನಾನು ಅಪ್ಪನಿಗೆ ಊಟದ ಡಬ್ಬಿ ಒಯ್ಯುತ್ತಾ ಬೇಲಿಯ ಪಕ್ಕ ನಿಂತು ಕಲಿತೆ. ಈಗ ನೀನೂ ಕಲಿ. ಅತ್ತಿಂದಿತ್ತ ಬೀಸಿದರೆ ನಿಲ್ಲು. ತೋಳನ್ನು ಗುಂಡಗೆ ತಿರುಗಿಸಿದರೆ ಹಿಂದಕ್ಕೆ ಬಾ. ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಮುಂದಕ್ಕೆ ಹೋಗು. ಅಡ್ಡಲಾಗಿ ಚಾಚಿ ಹಾಗೇ ಹಿಡಿದರೆ ನಿಧಾನ. ಎಡಕ್ಕೆ ಬಲಕ್ಕೆ ಅನ್ನುವುದು ಅವನ ಭಾಷೆಯಲ್ಲಿ ಇಲ್ಲವೇ ಇಲ್ಲ. ರೈಲು ಎಡಕ್ಕೂ ಬಲಕ್ಕೂ ಹೋಗುವುದಿಲ್ಲ ಮಹರಾಯ್ತಿ. ಸ್ಟೀರಿಂಗ್ ನೀನು ನೋಡಿಕೋ, ಎಷ್ಟು ಬರಬೇಕು ಎಲ್ಲಿ ನಿಲ್ಲಬೇಕು ಅವನು ಹೇಳುತ್ತಾನೆ.

ಅವನಿಗೆ ಟೊಪ್ಪಿ ಕೊಡು. ಹಿಂದೆ ನಿಲ್ಲಿಸು. ಏನಾಯಿತು ಎಂದು ತಕ್ಷಣ ಬರೆ, ನನಗೆ ಊಟ ಸೇರುತ್ತಿಲ್ಲ.

ಆರ್ಡಿತ್


ಲೋನ್ ಎಲ್ಮ್ ಸ್ಟೇಟ್ ಪಾರ್ಕ್, ಕೆಂಟಕಿ
೨೮ ಆಗಸ್ಟ್

ಪ್ರೀತಿಯ, ಪ್ರೀತಿಯ ಆರ್ಡಿತ್,

ನಿನ್ನ ಪತ್ರವನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಗಾಡಿಗೆ ವಾಪಸು ಬಂದು, ಮಾತಿಲ್ಲದೆ, ಕಿಟಕಿಯ ಆಚೆಯಿಂದ ಡೆಲ್ಮರ್‌ಗೆ ತೋಳನ್ನು ಗುಂಡಗೆ ತಿರುಗಿಸಿ ತೋರಿಸಿದೆ. ಅವನು ನನ್ನನ್ನು ನೋಡಿ, "ಅಷ್ಟು ಅಗಲ ಬೇಡ. ಅಷ್ಟು ಅಗಲ ತಿರುಗಿಸಿದ್ರೆ ರೈಲು ತುಂಡಾಗಿದೆ ಅಂತ ಅರ್ಥ" ಅಂದ. ಎಷ್ಟೋ ವಾರಗಳಿಂದ ಅವನ ಬಾಯಲ್ಲಿ ಅಷ್ಟು ಉದ್ದದ ಮಾತು ಬಂದಿರಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ.

ಪಾರ್ಕಿನಲ್ಲಿ ರೇಂಜರ್ ಹುಡುಗಿ ಕೇಳಿದಳು, "ನೇರ ಜಾಗ ಒಂದು ಖಾಲಿ ಇದೆ, ಕೊಡ್ಲಾ?" "ಬೇಡ, ನೀರಿನ ಪಕ್ಕ ಕೊಡು. ಅತಿ ಕಷ್ಟದ್ದು ಯಾವುದಿದೆಯೋ ಅದನ್ನ ಕೊಡು" ಅಂದೆ. ಕೊಟ್ಟಳು. ಎರಡು ಕಡೆ ಮರ, ಹಿಂದೆ ಇಳಿಜಾರು, ಅದರ ಕೆಳಗೆ ನೀರು. ಕುರ್ಚಿಗಳು ಆಗಲೇ ಹೊರಬಂದಿದ್ದವು. ಮುದುಕಿ ಸ್ಟೀರಿಂಗಿನಲ್ಲಿ, ಮುದುಕ ಹಿಂದೆ. ಯಾರೋ ಜೋಳದ ಅರಳು ಕೂಡ ತಂದರು.

ಕನ್ನಡಿಯನ್ನು ಎರಡು ಸಲ ಒರೆಸಿದೆ. ತಪ್ಪಿದರೆ ಅವನು ಗಾಡಿಗೂ ನೀರಿಗೂ ನಡುವೆ ನಿಂತಿದ್ದಾನೆ. ಆದರೆ ಅವನು ಸುಮ್ಮನೆ ಟೊಪ್ಪಿ ಸರಿಮಾಡಿಕೊಂಡು, ನನ್ನ ಕನ್ನಡಿಯಲ್ಲಿ ಕಾಣುವ ಹಾಗೆ ಪಕ್ಕಕ್ಕೆ ನಿಂತು, ಸಣ್ಣಗೆ ಗುಂಡಗೆ ತಿರುಗಿಸಲು ಶುರುಮಾಡಿದ. ಬಂದೆ. ಕೈ ಅಡ್ಡಲಾಗಿ ಚಾಚಿದ. ನಿಧಾನ ಮಾಡಿದೆ. ಮತ್ತೆ ಗುಂಡಗೆ. ಆಮೇಲೆ ಒಂದೇ ಒಂದು ಸಲ ಅಡ್ಡ ಬೀಸಿದ. ನಿಲ್ಲಿಸಿದೆ. ಇಳಿದು ನೋಡಿದರೆ ಮರಕ್ಕೂ ಗಾಡಿಗೂ ನಡುವೆ ನನ್ನ ಅಂಗೈ ಅಗಲ. ಒಬ್ಬ ಮುದುಕ ಕುರ್ಚಿಯಿಂದ ಎದ್ದು, "ಸ್ವಾಮಿ, ನನ್ ಹೆಂಡ್ತಿಗೂ ಸ್ವಲ್ಪ ಕಲಿಸಿಕೊಡಿ" ಅಂದ. ಅವನ ಹೆಂಡತಿ ಅವನಿಗೆ ಅರಳು ಎಸೆದಳು.

ಈಗ ಡೆಲ್ಮರ್‌ಗೆ ಇಲ್ಲಿ ಉದ್ಯೋಗ ಸಿಕ್ಕಿದೆ. ಯಾವ ಗಾಡಿ ಬಂದರೂ ಟೊಪ್ಪಿ ಹಾಕಿಕೊಂಡು ಹೋಗಿ ನಿಲ್ಲುತ್ತಾನೆ. ಒಮ್ಮೊಮ್ಮೆ ನನ್ನ ಹೆಸರು ಮರೆತಿರುತ್ತಾನೆ, ಬೆಳಿಗ್ಗೆ ಇದು ಯಾವ ಸ್ಟೇಷನ್ ಎಂದು ಕೇಳುತ್ತಾನೆ. ಅದೆಲ್ಲ ಹಾಗೇ ಇದೆ, ನಿನಗೆ ಸುಳ್ಳು ಹೇಳುವುದಿಲ್ಲ.

ಸೇತುವೆ ಮುಚ್ಚಿದ್ದರಿಂದ ಡಾಬ್ಸನ್‌ಗೆ ಹೋಗಲೇ ಇಲ್ಲ. ನೀನು ಅಲ್ಲಿಗೆ ಹಾಕಿದ ಪತ್ರವನ್ನು ಇಲ್ಲಿಗೆ ಕಳಿಸಲು ಅಂಚೆಯವರಿಗೆ ಕಾರ್ಡು ಹಾಕಿದ್ದೇನೆ. ಬೈದಿದ್ದೀಯೋ ಏನೋ. ಏನಾದರೂ ಇರಲಿ, ವೃದ್ಧಾಶ್ರಮದ ಮಾತು ಎತ್ತದೆ ಈ ಪತ್ರ ಬರೆದೆಯಲ್ಲ, ಅದಕ್ಕೆ ನಾನು ಋಣಿ. ನಿನ್ನನ್ನು ತಪ್ಪು ತಿಳಿದಿದ್ದೆ.

ಕೆಳಗಿನದು ಅವನದೇ ಕೈ. ನಾನು ಒಂದು ಅಕ್ಷರವನ್ನೂ ಹೇಳಿಕೊಟ್ಟಿಲ್ಲ.

ಮಾವಿಸ್

ಆರ್ಡಿತ್, ಮರದ ವಿಷಯದಲ್ಲಿ ನಂದೇನೂ ತಪ್ಪಿಲ್ಲ. ಡೆಲ್.


ಲೋನ್ ಎಲ್ಮ್
೧೨ ಸೆಪ್ಟೆಂಬರ್

ಆರ್ಡಿತ್,

ಡಾಬ್ಸನ್‌ನಿಂದ ನಿನ್ನ ಪತ್ರ ಸುತ್ತಿಕೊಂಡು ಬಂತು.

ಹಾಸಿಗೆ ಹಿಡಿದಿಟ್ಟಿದ್ದೀಯ. ಕಿಟಕಿಯನ್ನೂ ಆರಿಸಿದ್ದೀಯ. ನಾನು ಹೆದರಿದ್ದು ಇದಕ್ಕೇ, ಇದರಲ್ಲಿ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಅವನನ್ನು ಕೊಡುವುದಿಲ್ಲ. ಆ ಹಾಸಿಗೆ ಬೇರೆ ಯಾರಿಗಾದರೂ ಕೊಡು. ನನಗೆ ಯಾರ ಸಹಾಯವೂ ಬೇಡ, ನಾನು ಚೆನ್ನಾಗಿದ್ದೇನೆ. ನಿನ್ನೆ ಕಾಫಿಗೆ ಉಪ್ಪು ಹಾಕಿದೆ, ಮಧ್ಯಾಹ್ನ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಹೋದೆ, ಅಷ್ಟೇ. ಅವನು ಎದ್ದು ಹೋದಾನೆಂದು ಬಾಗಿಲಿಗೆ ಬೆನ್ನು ಕೊಟ್ಟು ಮಲಗುವುದು ಅಭ್ಯಾಸವಾಗಿದೆ. ಎಲ್ಲರೂ ಏನೋ ಒಂದು ಮಾಡಿಕೊಂಡು ಬದುಕುತ್ತಾರೆ.

ಇದನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ಒಂದು ವಿಷಯಕ್ಕೆ ನಿನ್ನನ್ನೇ ಕೇಳಬೇಕಾಗಿದೆ, ಬೇರೆ ದಾರಿಯಿಲ್ಲ. ಹತ್ತು ದಿನವಾಯಿತು, ಸಂಜೆ ಗಾಡಿಗಳು ಬರುವುದು ನಿಂತಮೇಲೆ ಡೆಲ್ಮರ್ ರಸ್ತೆಯ ಅಂಚಿಗೆ ಹೋಗುತ್ತಾನೆ. ಟೊಪ್ಪಿ ತೆಗೆದು, ತಲೆಯ ನಡುನೆತ್ತಿಯನ್ನು ಎರಡು ಸಲ ತಟ್ಟಿಕೊಂಡು, ಆ ಟೊಪ್ಪಿಯಿಂದ ನನ್ನ ಕಡೆ ತೋರಿಸುತ್ತಾನೆ. ನೋಡುವುದು ಮಾತ್ರ ನನ್ನನ್ನಲ್ಲ, ದೂರದ ರಸ್ತೆಯನ್ನು. ಯಾರೋ ಅಲ್ಲಿ ಇದ್ದಾರೆ ಎನ್ನುವ ಹಾಗೆ ಕಾಯುತ್ತಾನೆ. ಮತ್ತೆ ಅದೇ ಮಾಡುತ್ತಾನೆ. ಒಳಗೆ ಬಾ ಎಂದರೆ ಬರುವುದಿಲ್ಲ. ನನ್ನ ಕೂದಲು ಕೆದರಿರುವುದಕ್ಕೆ ತಮಾಷೆ ಮಾಡುತ್ತಿದ್ದಾನೆಂದು ಮೊದಲು ನಕ್ಕೆ, ಬಾಚಿಕೊಂಡೆ. ಆಮೇಲೂ ಅದೇ. ನೀನು ಕಲಿಸಿದ್ದರಲ್ಲಿ ಇದು ಇಲ್ಲ. ಇದಕ್ಕೇನಾದರೂ ಅರ್ಥವಿದೆಯೇ, ಇಲ್ಲ ಇದೂ ಹೋಯಿತೇ?

ಮಾವಿಸ್


ಕೆಲ್ಟನ್
೧೮ ಸೆಪ್ಟೆಂಬರ್

ಮಾವಿಸ್,

ಅರ್ಥವಿದೆ. ರೂಲ್ ಪುಸ್ತಕದಲ್ಲಿ ಇರದ ಸಂಜ್ಞೆ ಅದು, ನಮ್ಮ ಯಾರ್ಡಿನವರು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದು. ಅಪ್ಪ ಮಾಡುತ್ತಿದ್ದುದನ್ನು ನಾನು ಬೇಲಿಯಾಚೆಯಿಂದ ನೋಡಿದ್ದೇನೆ. "ಇವನ ಪಾಳಿ ಮುಗಿದಿದೆ, ಬದಲಿ ಆಳು ಕಳಿಸಿ" ಎಂದು ಅದರ ಅರ್ಥ. ಅದನ್ನು ಯಾರೂ ತನಗಾಗಿ ಮಾಡಿಕೊಳ್ಳುತ್ತಿರಲಿಲ್ಲ. ತಾನು ದಣಿದೆ ಎಂದು ತಾನೇ ಹೇಳುವುದು ಆ ಜನಕ್ಕೆ ಅವಮಾನ. ಜೊತೆಯವನು ನೋಡುತ್ತಿದ್ದ. ಇವನು ಎಡವುತ್ತಿದ್ದಾನೆ, ಇವನ ಕಣ್ಣು ಮುಚ್ಚುತ್ತಿದೆ ಎಂದು ಕಂಡರೆ ಅವನ ಕಡೆ ಟೊಪ್ಪಿ ತೋರಿಸಿ, ದೂರದ ಸಿಗ್ನಲ್ ಕ್ಯಾಬಿನ್ನಿನವರನ್ನು ಕೇಳುತ್ತಿದ್ದ. ಕೇಳಿದವನು ಉತ್ತರ ಬರುವವರೆಗೆ ಜಾಗ ಬಿಡುವಂತಿರಲಿಲ್ಲ.

ದಣಿದೆ ಎಂದು ನೀನು ನನಗೆ ಬರೆಯಲಿಲ್ಲ. ಅವನು ಹತ್ತು ದಿನದಿಂದ ಬರೆಯುತ್ತಿದ್ದಾನೆ.

ಹಾಸಿಗೆ ಬಿಟ್ಟುಕೊಟ್ಟೆ. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಮುದುಕಿಗೆ ಹೋಯಿತು, ಆಕೆಗೆ ರೈಲು ಎಂದರೆ ಆಗುವುದಿಲ್ಲ. ಇನ್ನೆಂದೂ ಬೇಡ ಎಂದು ನಾನು ಹೇಳುವುದಿಲ್ಲ. ಅವನು ಇನ್ನೂ ಕೆಡುತ್ತಾನೆ, ಆಗ ನಾವು ಮೂವರೂ ಒಂದೇ ಮೇಜಿನ ಸುತ್ತ ಕೂತು ಮಾತಾಡೋಣ. ನಿನ್ನ ಬೆನ್ನ ಹಿಂದೆ ನಾನು ಯಾವ ಕಿಟಕಿಯನ್ನೂ ಆರಿಸುವುದಿಲ್ಲ.

ಮುಂದಿನ ವಾರ ಶುಕ್ರವಾರದ ಬಸ್ಸಿಗೆ ಹೊರಡುತ್ತಿದ್ದೇನೆ, ಶನಿವಾರ ಲೋನ್ ಎಲ್ಮ್‌ನ ಪೆಟ್ರೋಲ್ ಪಂಪಿನ ಮುಂದೆ ಇಳಿಸುತ್ತಾರಂತೆ. ಮನೆಯ ಬೀಗದ ಕೈಗಳಲ್ಲಿ ಒಂದನ್ನು ಪೋಸ್ಟ್ ಮಾಸ್ಟರ್‌ಗೆ ಕೊಟ್ಟೆ. "ಯಾವಾಗ ವಾಪಸ್ ಬರ್ತೀರಾ?" ಅಂದ. ಕೇಳಿಸದವಳ ಹಾಗೆ ಬಂದುಬಿಟ್ಟೆ. ನಿನ್ನ ಡಬ್ಬಿಯಲ್ಲಿ ನಾನು ಏಣಿ ಹತ್ತಿ ಮಲಗುವವಳಲ್ಲ, ಬಾಗಿಲ ಪಕ್ಕದ ಜಾಗ ನನಗೆ. ಅಲ್ಲಿ ಬೆನ್ನು ಕೊಡುವುದು ಇನ್ನು ನನ್ನ ಕೆಲಸ. ನೀನು ಬೆಳಗಿನವರೆಗೆ ಕಾಲು ಚಾಚಿ ನಿದ್ದೆ ಮಾಡು.

ಇದು ಅದರ ಹಿಂದಿನ ದಿನ, ಗುರುವಾರಕ್ಕಾದರೂ ನಿನ್ನ ಕೈ ಸೇರಬೇಕು. ಅವತ್ತು ಸಂಜೆ ಅವನು ರಸ್ತೆಯ ಅಂಚಿಗೆ ಹೋಗಿ ನಿಂತಾಗ ಒಳಗೆ ಕರೆಯಬೇಡ. ಅವನಿಗಿಂತ ಮುಂದೆ ಹೋಗಿ, ರಸ್ತೆಯಲ್ಲಿ, ಅವನು ನೋಡುವ ಕಡೆ ನಿಂತುಕೋ. ಅವನು ಕೇಳಿದಮೇಲೆ ಬಲಗೈಯನ್ನು ನೇರ ಮೇಲಕ್ಕೆತ್ತಿ ಅಂಗೈ ತೋರಿಸು, ಅವನು ನೋಡುವವರೆಗೆ ಇಳಿಸಬೇಡ. ಬದಲಿ ಹೊರಟಿದೆ ಎಂದು ಅದರ ಅರ್ಥ. ಆಮೇಲೆ ಅವನು ಬಂದು ಕೂರುತ್ತಾನೆ.

ಆರ್ಡಿತ್